ದೊಡ್ಡವ್ವನ ಬಲಗೈ

ನಮ್ಮ ಧರ್ಮಪ್ರಾಂತ್ಯದ ಚರಿತ್ರೆ ಬರೆಯುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನಿವೃತ್ತಿಯಾದ ಮೇಲೆ. ಹುಮನಾಬಾದಿನ ಟೀಚರು ಮನೆಯಲ್ಲಿ ಸುಮ್ಮನೆ ಕೂತಿದ್ದಾರೆ ಎಂದು ಧರ್ಮಾಧ್ಯಕ್ಷರ, ಅಂದರೆ ಬಿಷಪ್ಪರ, ಮನೆಯಲ್ಲಿ ಯಾರೋ ಹಚ್ಚಿಕೊಟ್ಟಿರಬೇಕು. ಅಲ್ಲಿಂದ ಒಬ್ಬ ತರುಣ ಗುರು ಬಂದರು. ಕರಾವಳಿಯವರು. ಸ್ಮರಣ ಸಂಚಿಕೆ ತರುವುದಿದೆ, ಪ್ರತಿ ಭಾಗದವರು ತಮ್ಮ ತಮ್ಮ ಚರಿತ್ರೆ ಬರೆದುಕೊಡಬೇಕು, ಹುಮನಾಬಾದ್ ಮತ್ತು ಬಸವಕಲ್ಯಾಣದ ಭಾಗ ನಿಮ್ಮದು ಎಂದರು. ಫೋಟೊ ಜಾಸ್ತಿ ಇರಲಿ ಎಂದೂ ಹೇಳಿದರು. ಇಲ್ಲ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಚಹಾ ಮುಗಿಸಿ ಎದ್ದುಬಿಟ್ಟಿದ್ದರು. ಈ ಗುರುಗಳ ವಿಧಾನವೇ ಅದು.

ಅವರ ಮಟ್ಟಿಗೆ ಚರಿತ್ರೆ ಎಂದರೆ ಯಾವ ಫಾದರ್ ಯಾವಾಗ ಬಂದರು, ಯಾವ ಕಟ್ಟಡಕ್ಕೆ ಯಾರು ಅಡಿಗಲ್ಲು ಹಾಕಿದರು ಎನ್ನುವುದು. ನಾನು ಕಂಡದ್ದು ಬೇರೆ. ನಮ್ಮದು ವಯಸ್ಸಿನಲ್ಲಿ ಸಣ್ಣ ಧರ್ಮಪ್ರಾಂತ್ಯ. ಅದಕ್ಕೆ ಮೊದಲು ನಾವು ತೆಲುಗು ಸೀಮೆಯ ಧರ್ಮಾಧ್ಯಕ್ಷರ ಕೈಕೆಳಗಿದ್ದೆವು. ನಿಜಾಮನ ಕಾಲದ ನಂಟು ಅದು. ರಾಜ್ಯದ ಗೆರೆ ಬದಲಾದ ಎಷ್ಟೋ ವರ್ಷ ಚರ್ಚಿನ ಗೆರೆ ಹಾಗೇ ಉಳಿದಿತ್ತು. ನನ್ನ ಅಪ್ಪ ಆ ಕಡೆಯಿಂದಲೇ ಬಂದ ಉಪದೇಶಿ. ಉಪದೇಶಿ ಎಂದರೆ ಊರೂರು ತಿರುಗಿ ಜಪ ಕಲಿಸುವವರು, ಗುರುಗಳು ಬರಲಾಗದಾಗ ಹೆಣ ಮಣ್ಣು ಮಾಡಿಸುವವರು, ಗಂಡಹೆಂಡಿರ ಜಗಳ ಬಿಡಿಸುವವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಮತ್ತು ಉರ್ದು ಆಡುವ ಜನರಿಗೆ ಅಪ್ಪ ತೆಲುಗಿನಲ್ಲಿ ಜಪ ಬಾಯಿಪಾಠ ಮಾಡಿಸಿದರು. ಅರ್ಥ ಕೇಳಿದರೆ ದೇವರಿಗೆ ಗೊತ್ತು, ನಿಮಗೆ ಯಾಕೆ ಎನ್ನುತ್ತಿದ್ದರು.

ಆಮೇಲೆ ಧರ್ಮಪ್ರಾಂತ್ಯ ಬೇರೆಯಾಯಿತು. ನಮಗೇ ಒಬ್ಬ ಧರ್ಮಾಧ್ಯಕ್ಷರು ಬಂದರು, ಚರ್ಚಿನ ಪೂಜೆ ಕನ್ನಡದಲ್ಲಿ ಆಯಿತು, ಸಿಸ್ಟರುಗಳ ಕನ್ಯಾಮಠ ಮತ್ತು ಶಾಲೆ ಎದ್ದವು. ಕಾಗದದಲ್ಲಿ ನೋಡಿದರೆ ಚೆಂದದ ವ್ಯವಸ್ಥೆ: ಧರ್ಮಾಧ್ಯಕ್ಷರ ಕೆಳಗೆ ವಲಯ, ವಲಯದ ಕೆಳಗೆ ಧರ್ಮಕೇಂದ್ರ, ಅದರ ಕೆಳಗೆ ಉಪಕೇಂದ್ರ. ನೆಲಕ್ಕಿಳಿದು ನೋಡಿದರೆ ಈ ಉಪಕೇಂದ್ರ ಅನ್ನುವುದು ಹೆಚ್ಚಿನ ಕಡೆ ಯಾವುದೋ ಒಬ್ಬ ಹೆಂಗಸಿನ ಪಡಸಾಲೆ. ಹೊರಗೆ ಶಿಲುಬೆ ಇಲ್ಲ, ಗಂಟೆ ಇಲ್ಲ. ಗುರುಗಳು ಮೋಟಾರ್ ಸೈಕಲ್ಲಿನ ಮೇಲೆ ಪೂಜೆಯ ಪೆಟ್ಟಿಗೆ ಕಟ್ಟಿಕೊಂಡು ಬರುತ್ತಿದ್ದರು. ಆ ಮನೆಯವಳು ಒಂದು ಬಿಳಿ ಪಂಚೆಯನ್ನು ಒದ್ದೆ ಮಾಡಿ ಮಾಳಿಗೆಯ ಮೇಲಿಂದ ಇಳಿಬಿಡುತ್ತಿದ್ದಳು. ಹೊಲದಲ್ಲಿದ್ದವರು ಅದನ್ನು ನೋಡಿ ಕೆಲಸ ಬಿಟ್ಟು ಬರುತ್ತಿದ್ದರು. ಅಂಥ ಮನೆಗೆ ಪೂಜೆಮನೆ ಎಂದು ಹೆಸರು.

ಮುಡಬಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯ ಪೂಜೆಮನೆ ನನ್ನ ದೊಡ್ಡವ್ವನದು. ಹಳ್ಳಿಯ ಹೆಸರು ಹೇಳುವುದಿಲ್ಲ, ಯಾಕೆ ಎಂದು ಮುಂದೆ ತಿಳಿಯುತ್ತದೆ. ಅವಳು ನಮಗೆ ರಕ್ತಸಂಬಂಧಿಯಲ್ಲ. ನನ್ನ ಜ್ಞಾನಸ್ನಾನದ ದಿನ, ಅಂದರೆ ನೀರು ಹೊಯ್ದು ಕ್ರೈಸ್ತ ಹೆಸರಿಟ್ಟ ದಿನ, ನನ್ನನ್ನು ಕೈಯಲ್ಲಿ ಎತ್ತಿಕೊಂಡು ನಿಂತವಳು, ನನ್ನ ಜ್ಞಾನತಾಯಿ. ಹಾಗಾಗಿ ಹೆತ್ತವಳಷ್ಟೇ ಅಧಿಕಾರ, ಹೆತ್ತವಳಿಗಿಂತ ಹೆಚ್ಚು ಮುದ್ದು. ಆ ಸುತ್ತಮುತ್ತಲಿನ ಮೊದಲ ಪೂಜೆ ನಡೆದದ್ದು ಅವಳ ಪಡಸಾಲೆಯಲ್ಲೇ. ಹೊಸದಾಗಿ ಮದುವೆಯಾಗಿ ಬಂದವಳು, ಮಾವ ಬೈಯುತ್ತಿದ್ದರೂ ತನ್ನ ಮದುವೆಯ ಪೆಟ್ಟಿಗೆಯನ್ನೇ ಬೋರಲು ಹಾಕಿ ಪೀಠ ಮಾಡಿಕೊಟ್ಟಳಂತೆ. ಚರಿತ್ರೆ ಬರೆಯುವುದಾದರೆ ಅಲ್ಲಿಂದಲೇ ಶುರುಮಾಡಬೇಕು ಎಂದು ನಿರ್ಧರಿಸಿದೆ. ಅವಳು ಈಗ ಬಸವಕಲ್ಯಾಣದಲ್ಲಿ ಮಗನ ಮನೆಯಲ್ಲಿದ್ದಾಳೆ ಎಂದು ಗೊತ್ತಿತ್ತು. ಒಂದು ದಿನ ಬೆಳಿಗ್ಗೆ ಬಸ್ಸು ಹತ್ತಿದೆ.

ಮಗ ಸರ್ಕಾರಿ ನೌಕರ. ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಎನ್ನುತ್ತಾನೆ. ಹೆದ್ದಾರಿಯ ಈಚೆ ಹೊಸ ಬಡಾವಣೆಯಲ್ಲಿ ಸ್ವಂತ ಮನೆ. ಬಾಗಿಲು ತೆರೆದವನು ಮೊದಲು ನನ್ನ ಮುಖ ನೋಡಲಿಲ್ಲ, ನನ್ನ ಹಿಂದಿನ ಬೀದಿ ನೋಡಿದ. ಒಳಗೆ ಕರೆದು ಕೂಡಿಸಿ ನೀರು ಕೊಟ್ಟ. ಗೋಡೆಯ ಮೇಲೆ ಬುದ್ಧನ ಚಿತ್ರ, ಪಕ್ಕದಲ್ಲಿ ನೀಲಿ ಕೋಟಿನ ನಾಯಕರ ಫೋಟೊ, ಎರಡಕ್ಕೂ ತಾಜಾ ಹೂವು. ಅದರಲ್ಲಿ ಆಶ್ಚರ್ಯವೇನಿಲ್ಲ. ಅವನ ಓಣಿಯವರೆಲ್ಲ ಬುದ್ಧವಿಹಾರಕ್ಕೆ ಹೋಗುವವರು, ಅವನೂ ಎಷ್ಟೋ ವರ್ಷದಿಂದ ಹೋಗುತ್ತಿದ್ದ.

ದೊಡ್ಡವ್ವ ಒಳಗಿನ ಕೋಣೆಯಲ್ಲಿದ್ದಳು. ನನ್ನನ್ನು ನೋಡಿ ಮುಖ ಅರಳಿತು, ಆದರೆ ಕರೆದದ್ದು ನನ್ನ ಅವ್ವನ ಹೆಸರು ಹಿಡಿದು. ಅವ್ವ ಸತ್ತು ಎಷ್ಟೋ ವರ್ಷವಾಗಿದೆ. ನೆನಪು ಹೋಗಿದೆ ಎಂದು ಫೋನಿನಲ್ಲಿ ಹೇಳಿದ್ದರು, ಇಷ್ಟು ಎಂದು ತಿಳಿದಿರಲಿಲ್ಲ. ಮದುವೆಯ ಪೆಟ್ಟಿಗೆಯ ಮಾತು ತೆಗೆದೆ. ಯಾರ ಮದುವೆ ಎಂದು ಕೇಳಿದಳು. ಬಂದದ್ದು ಚರಿತ್ರೆಗೆ ಎನ್ನುವುದು ಆ ಕ್ಷಣಕ್ಕೆ ಮರೆತೇಹೋಯಿತು, ಸುಮ್ಮನೆ ಅವಳ ಪಕ್ಕ ಕೂತೆ.

ಅಷ್ಟರಲ್ಲಿ ಸೊಸೆ ತಟ್ಟೆ ತಂದಳು. ರೊಟ್ಟಿ, ಪುಂಡಿಪಲ್ಯ. ತಟ್ಟೆಯನ್ನು ಅತ್ತೆಯ ಮುಂದೆ ಇಡುವ ಮೊದಲೇ ಅವಳ ಬಲಗೈ ಮಣಿಕಟ್ಟನ್ನು ತನ್ನ ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು. ಹಿಡಿದುಕೊಂಡೇ ತುತ್ತು ಮಾಡಿ ಬಾಯಿಗಿಟ್ಟಳು. ಮುದುಕಿಯ ಕೈ ಹಿಡಿತದೊಳಗೆ ಎಳೆದಾಡುತ್ತಿತ್ತು. ಪಾರ್ಶ್ವವಾಯು ಏನಾದರೂ ಹೊಡೆದಿದೆಯೇ ಎಂದು ಕೇಳಿದೆ. ಸೊಸೆ ತಲೆ ಎತ್ತಲಿಲ್ಲ.

"ಕೈ ಬಿಟ್ಟೆನಂದ್ರ ಮ್ಯಾಲ ಹೋಗ್ತದ್ರಿ ಅಕ್ಕೋರೆ," ಎಂದಳು.

ಆಗ ತಿಳಿಯಿತು. ಊಟದ ಮುಂದೆ ಶಿಲುಬೆಯ ಗುರುತು. ಹಣೆ, ಎದೆ, ಎಡಭುಜ, ಬಲಭುಜ. ಬೇರೆ ಸಭೆಗಳ ಕ್ರೈಸ್ತರು ಕಣ್ಣು ಮುಚ್ಚಿ ಪ್ರಾರ್ಥಿಸುತ್ತಾರೆ, ಅದನ್ನು ಯಾರೂ ಗುರುತಿಸಲಾರರು. ನಮ್ಮ ಕಥೋಲಿಕರದು ಕೈಯಲ್ಲೇ ಇದೆ. ಊಟಕ್ಕೆ, ನಿದ್ದೆಗೆ, ಬಸ್ಸು ಹೊರಡುವಾಗ, ಗುಡುಗು ಕೇಳಿದಾಗ ಕೈ ತಾನಾಗಿ ಏಳುತ್ತದೆ. ಮಗನ ಹೆಸರು ಮರೆತ ಮುದುಕಿಗೆ ಇದೊಂದು ಮರೆತಿರಲಿಲ್ಲ. ಅವಳಿಗೆ ಇದನ್ನು ಕಲಿಸಿದವರು ನನ್ನ ಅಪ್ಪ.

ಮಗ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ವಿಷಯ ಬಿಚ್ಚಿ ಹೇಳಿದ. ಯಾರೋ ಅವನ ಮೇಲೆ ಅರ್ಜಿ ಹಾಕಿದ್ದರು. ಪರಿಶಿಷ್ಟ ಜಾತಿಯ ಮೀಸಲಾತಿಯಲ್ಲಿ ನೌಕರಿ ಪಡೆದಿದ್ದಾನೆ, ಆದರೆ ಇವನ ಮನೆತನ ಕ್ರೈಸ್ತ, ಇವನ ತಾಯಿಯೇ ಹಳ್ಳಿಯಲ್ಲಿ ಚರ್ಚು ನಡೆಸಿದವಳು ಎಂದು. ಕಾನೂನು ಹಾಗಿದೆ. ನಮ್ಮ ಜನ ಹಿಂದೂ ಆಗಿದ್ದರೆ, ಬೌದ್ಧರಾಗಿದ್ದರೆ ಮೀಸಲಾತಿ ಉಂಟು, ಕ್ರೈಸ್ತರಾದರೆ ಇಲ್ಲ. ದೇವರು ಬದಲಾದರೂ ಓಣಿ ಬದಲಾಗುವುದಿಲ್ಲ, ಹೋಟೆಲಿನಲ್ಲಿ ನಮ್ಮನ್ನು ನೋಡುವ ಕಣ್ಣು ಬದಲಾಗುವುದಿಲ್ಲ, ಸವಲತ್ತು ಮಾತ್ರ ಹೋಗುತ್ತದೆ. ಅದಕ್ಕೇ ಹಳ್ಳಿಗಳಲ್ಲಿ ಮಕ್ಕಳಿಗೆ ಎರಡು ಹೆಸರು, ಶಾಲೆಗೊಂದು, ದೇವಾಲಯಕ್ಕೊಂದು. ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನನ್ನ ಅಪ್ಪ ಮಾತ್ರ ಹಟಮಾರಿ, ನನಗೆ ಒಂದೇ ಹೆಸರು ಇಟ್ಟರು. ವಿದ್ಯಾರ್ಥಿವೇತನ ಇಲ್ಲದೆ ಓದಿ ಕನ್ಯಾಮಠದ ಶಾಲೆಯಲ್ಲೇ ಟೀಚರಾದೆ. ಅದನ್ನು ನಾನು ಕೆಲವೊಮ್ಮೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ, ಕೆಲವೊಮ್ಮೆ ಸಿಟ್ಟಿನಿಂದ.

ಈಗ ಯಾರೋ ಕೇಳಲು ಶುರುಮಾಡಿದ್ದರು. ವಿಚಾರಣೆಗೆ ಮನೆಗೇ ಬರುತ್ತಾರೆ, ತಾಯಿಯನ್ನೂ ಮಾತನಾಡಿಸುತ್ತಾರೆ ಎಂದು ಕಚೇರಿಯಿಂದ ಸುದ್ದಿ ಬಂದಿತ್ತು. ಯಾವತ್ತು ಎಂದು ಹೇಳಿರಲಿಲ್ಲ. ನೌಕರಿ ಹೋದರೆ ಮನೆಯ ಸಾಲ, ಇಬ್ಬರು ಹೆಣ್ಣುಮಕ್ಕಳ ಓದು, ಎಲ್ಲ ಹೋಗುತ್ತದೆ. ಜೈಲಿಗೂ ಹಾಕಬಹುದು ಎಂದು ಯಾರೋ ಹೆದರಿಸಿದ್ದರು.

"ನಾ ಚರ್ಚಿಗಿ ಹೋಗೂದು ಬಿಟ್ಟು ಎಷ್ಟೋ ವರ್ಷ ಆತು ಅಕ್ಕಾ," ಎಂದ. "ವಿಹಾರಕ್ಕ ಹೋಗ್ತೀನಿ, ಮನಸಾರೆ ಹೋಗ್ತೀನಿ. ಅದು ನಾಟಕ ಅಲ್ಲ. ಆದ್ರ ಅವ್ವನ ಕೈ ನನ್ನ ಮಾತು ಕೇಳಾಂಗಿಲ್ಲ."

ಚರಿತ್ರೆಯ ಮಾತು ನಾನು ಎತ್ತಲೇ ಇಲ್ಲ. ಆದರೆ ಅವನಿಗೆ ಹೇಗೋ ಗೊತ್ತಾಗಿತ್ತು. ಹೊರಡುವಾಗ ಗೇಟಿನ ತನಕ ಬಂದು, ನಮ್ಮ ಮನೆಯ ಸುದ್ದಿ ಬುಕ್ಕಿನಲ್ಲಿ ಬರುವುದು ಬೇಡ ಎಂದು ಕೈಮುಗಿದ. ತಮ್ಮನ ಸಮಾನ ಹುಡುಗ ಹಾಗೆ ಕೈಮುಗಿದದ್ದು ನನಗೆ ಸೇರಲಿಲ್ಲ. ಬಸ್ಸಿನಲ್ಲಿ ಇಡೀ ದಾರಿ ಯಾರ ಮೇಲೆ ಸಿಟ್ಟು ಮಾಡಬೇಕು ಎಂದು ತಿಳಿಯದೆ ಕಂಡಕ್ಟರನ ಮೇಲೆ ರೇಗಿದೆ.

ದೊಡ್ಡವ್ವನ ಮನೆಯ ಮಾತು ಬಿಟ್ಟರೂ ಹಳ್ಳಿಯ ಮಾತು ಬಿಡಬೇಕಾಗಿಲ್ಲವಲ್ಲ ಎಂದುಕೊಂಡೆ. ಆಗ ಪೂಜೆಗೆ ಬರುತ್ತಿದ್ದವರು ಇನ್ನೂ ಕೆಲವರು ಬದುಕಿದ್ದಾರೆ. ಧರ್ಮಕೇಂದ್ರದ ಗುರುಗಳು ಮುಡಬಿಯ ಕಡೆ ಹೊರಟಾಗ ಅವರ ಗಾಡಿಯ ಹಿಂದೆ ಕೂತು ನಾನೂ ಹೋದೆ. ಅವರು ನಿಲುವಂಗಿ ಹಾಕಿರಲಿಲ್ಲ, ಪ್ಯಾಂಟು, ಚೌಕಳಿ ಶರ್ಟು. ಪೂಜೆಯ ಪೆಟ್ಟಿಗೆಯ ಬದಲು ಬೆನ್ನಿಗೆ ಒಂದು ಸಾದಾ ಬ್ಯಾಗು. ಯಾಕೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ದಾರಿಯುದ್ದಕ್ಕೂ ತೊಗರಿ ಹೂ ಬಿಟ್ಟಿತ್ತು. ಹಿಂದೊಂದು ಮೋಟಾರ್ ಸೈಕಲ್ಲು ನಮ್ಮಷ್ಟೇ ನಿಧಾನಕ್ಕೆ ಬರುತ್ತಿದೆ ಎಂದು ನನಗನಿಸಿತು. ಗುರುಗಳು ಗಾಡಿ ನಿಲ್ಲಿಸಿ ನೀರು ಕುಡಿದರು. ಅದೂ ನಿಂತಿತು.

ಪೂಜೆಮನೆಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಹಿರಿಯ ಕೂತಿದ್ದ. ಅವನು ನನಗೆ ಚೆನ್ನಾಗಿ ಗೊತ್ತು. ಚಿಕ್ಕವರಿದ್ದಾಗ ದೊಡ್ಡವ್ವನ ಪಡಸಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ತೆಲುಗಿನ ಕೀರ್ತನೆ ಹಾಡಿದವರು ನಾವು. ಅವನ ದನಿ ದೊಡ್ಡದು, ಅಪ್ಪ ಅವನನ್ನೇ ಮುಂದೆ ಕೂಡಿಸುತ್ತಿದ್ದರು. ನಾನು ಹತ್ತಿರ ಹೋಗಿ ಕೂತು, ಮೊದಲ ಪೂಜೆಯ ದಿನ ನಿನ್ನ ಅಪ್ಪನೂ ಇದ್ದನಂತಲ್ಲ, ಏನಾದರೂ ಹೇಳಿದ್ದನೇ ಎಂದು ಕೇಳಿದೆ.

ಅವನು ನನ್ನ ಮುಖವನ್ನೇ ನೋಡುತ್ತ, "ಯಾವ ಪೂಜಿ?" ಎಂದ. "ನಮ್ಮೂರಾಗ ಅಂಥಾದ್ದು ಎಂದೂ ಇರ್ಲಿಲ್ರಿ ಅಕ್ಕೋರೆ."

ನಾನು ನಕ್ಕೆ. ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. ಅವನು ನಗಲಿಲ್ಲ. ಕಟ್ಟೆಯ ಸುತ್ತ ಇನ್ನೂ ಕೆಲವರು ಬಂದು ನಿಂತಿದ್ದರು. ಅವರಲ್ಲಿ ಅಪ್ಪ ಜ್ಞಾನಸ್ನಾನಕ್ಕೆ ಸಿದ್ಧಮಾಡಿದ ಮನೆಗಳವರೂ ಇದ್ದರು. ಅವರನ್ನೂ ಕೇಳಿದೆ. ಯಾರಿಗೂ ಏನೂ ಗೊತ್ತಿರಲಿಲ್ಲ. ಆ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು, ಮಗನ ಕಡೆ ಹೋದಳು, ಅಷ್ಟೇ ಎಂದರು. ಹಳ್ಳಿಗೆ ಹಳ್ಳಿಯೇ ನನ್ನ ಬಾಲ್ಯವನ್ನು ಇಲ್ಲ ಅನ್ನುತ್ತಿತ್ತು. ನನ್ನ ಕಿವಿ ಬಿಸಿಯಾಯಿತು. ಮೇಷ್ಟರಿಕೆಯ ಗಂಟಲು ತೆಗೆದು ಎರಡು ಮಾತು ಅನ್ನಬೇಕು ಎನ್ನುವಷ್ಟರಲ್ಲಿ ಗುರುಗಳು ನನ್ನ ತೋಳು ಮುಟ್ಟಿದರು. ನಮ್ಮ ಹಿಂದೆ ಬಂದ ಮೋಟಾರ್ ಸೈಕಲ್ಲಿನವನು ಬೇವಿನ ಗಿಡದ ಕೆಳಗೆ ನಿಂತು ಫೋನು ಎತ್ತಿ ಹಿಡಿದಿದ್ದ.

ಊರ ಹೊರಗೆ ದಾರಿ ತಿರುಗುವಲ್ಲಿ ಆ ಹಿರಿಯ ಹೊಲದ ಅಡ್ಡದಾರಿ ಹಿಡಿದು ನಮಗಿಂತ ಮೊದಲೇ ಬಂದು ನಿಂತಿದ್ದ. ಏದುಸಿರು ಬಿಡುತ್ತಿದ್ದ. ಗಾಡಿ ಬಂದ್ ಮಾಡಬೇಡಿ ಎಂದು ಗುರುಗಳಿಗೆ ಸನ್ನೆ ಮಾಡಿದ.

"ನಿಮಗಿಂತ ಮೊದ್ಲ ಇಬ್ರು ಬಂದಿದ್ರು," ಎಂದ. "ಅವ್ರೂ ಇದನ್ನೇ ಕೇಳಿದ್ರು. ಮೊದಲ್ನೇ ಪೂಜಿ ಯಾರ ಮನ್ಯಾಗ ಆತು, ಯಾರ್ಯಾರು ಕುಂತಿದ್ರು ಅಂತ. ನೀವೂ ಹಂಗೇ ಕೇಳಾಕತ್ತೀರಿ. ನಾವೇನು ತಿಳ್ಕೋಬೇಕು?"

ಅವನು ಆಮೇಲೆ ದನಿ ಇನ್ನೂ ತಗ್ಗಿಸಿ, ನನ್ನ ಅಪ್ಪನ ಸಮಾಧಿಗೆ ಹೋದಾಗ ತನ್ನ ಹೆಸರಿನಲ್ಲಿ ಒಂದು ಮೇಣಬತ್ತಿ ಹಚ್ಚಲು ಹೇಳಿ ಹೊಲಕ್ಕೆ ಇಳಿದುಹೋದ. ಧರ್ಮಾಧ್ಯಕ್ಷರ ಮನೆಯವರು ನನಗೆ ಒಪ್ಪಿಸಿದ ಪ್ರಶ್ನೆಯೂ ಅರ್ಜಿ ಹಾಕಿದವರ ಪ್ರಶ್ನೆಯೂ ಒಂದೇ ಆಗಿತ್ತು. ನಾನು ಪ್ರೀತಿಯಿಂದ ಕೂಡಿಹಾಕುವುದನ್ನೆಲ್ಲ ಅಚ್ಚು ಹಾಕಿಸಿದರೆ ಅವರು ಊರೂರು ತಿರುಗುವ ಕಷ್ಟವೇ ಇರುತ್ತಿರಲಿಲ್ಲ. ಆ ವಿಚಾರ ಬಂದ ಮೇಲೆ ನನಗೆ ಬರೆಯುವ ಕೈ ಏಳಲಿಲ್ಲ.

ಕೆಲವು ದಿನಗಳಾದ ಮೇಲೆ ಸೊಸೆಯ ಫೋನು ಬಂತು. ನಾಳೆ ಬರುತ್ತಾರಂತೆ, ಅತ್ತೆ ಬಹಳ ಹಟ ಮಾಡುತ್ತಿದ್ದಾಳೆ, ನೀವು ಬಂದರೆ ಸ್ವಲ್ಪ ಸುಮ್ಮನಾಗುತ್ತಾಳೆ ಎಂದಳು. ಊರಿಗೆಲ್ಲ ಗೊತ್ತಿರುವ ಕನ್ಯಾಮಠದ ಶಾಲೆಯ ಟೀಚರು ಆ ಮನೆಯಲ್ಲಿ ಕಂಡರೆ ಒಳ್ಳೆಯದಾಗುವುದುಂಟೇ ಎಂದು ಕೇಳಿದೆ. ಅಡಿಗೆಮನೆಯಲ್ಲಿ ಕೂತಿರಿ, ಹೊರಗೆ ಬರಬೇಡಿ ಎಂದಳು. ಹೋಗದೆ ಇರಲು ಆಗಲಿಲ್ಲ.

ನಾನು ಹೋದಾಗ ದೊಡ್ಡವ್ವನಿಗೆ ಒಳ್ಳೆಯ ಇಳಕಲ್ ಸೀರೆ ಉಡಿಸಿ, ಹಣೆಗೆ ದೊಡ್ಡ ಕುಂಕುಮ ಇಟ್ಟು ನಡುಮನೆಯಲ್ಲಿ ಕೂಡಿಸಿದ್ದರು. ಚೆಂದ ಕಾಣುತ್ತಿದ್ದಳು. ಆಮೇಲೆ ಅವಳ ಬಲಗೈ ನೋಡಿದೆ. ಬೆರಳ ತುದಿಯಿಂದ ಮೊಣಕೈ ದಾಟುವ ತನಕ ಬಿಳಿ ಬಟ್ಟೆಯ ಪಟ್ಟಿ ಸುತ್ತಿದ್ದರು, ಒಳಗೆ ರಟ್ಟು ಇಟ್ಟು ಬಿಗಿದಿದ್ದರು, ಕೊರಳಿಗೆ ಜೋಲಿ ಕಟ್ಟಿ ಹೊಟ್ಟೆಗೆ ಒತ್ತಿ ನಿಲ್ಲಿಸಿದ್ದರು. ಮೂಳೆ ಮುರಿದವರಿಗೆ ಕಟ್ಟುವ ಹಾಗೆ. ಕೈಗೆ ಏನೂ ಆಗಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಇದು ತಾಯಿಗೆ ಮಾಡುವ ಕೆಲಸವೇ ಎಂದು ಮಗನ ಕಡೆ ತಿರುಗಿದೆ. ಅವನು ಗೋಡೆಗೆ ಒರಗಿ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಿದ್ದವು. ಸೊಸೆ ಹತ್ತಿರ ಬಂದು ದಿನಾ ಸಂಜೆ ಬಿಚ್ಚಿ ಎಣ್ಣೆ ತಿಕ್ಕುತ್ತೇನೆ, ನೋಯುವ ಹಾಗೆ ಕಟ್ಟಿಲ್ಲ ಎಂದು ಪಿಸುಗುಟ್ಟಿದಳು. ಕಟ್ಟಿ ಆಗಲೇ ಒಂದಷ್ಟು ದಿನವಾಗಿತ್ತು ಎಂದು ಅದರಿಂದ ತಿಳಿಯಿತು. ಹಿಂದಿನ ದಿನದ ತನಕ ಯಾವತ್ತು ಬರುತ್ತಾರೆ ಎಂದು ಗೊತ್ತಿರಲಿಲ್ಲವಲ್ಲ.

ಬಂದ ಅಧಿಕಾರಿಗಳು ಇಬ್ಬರು, ಒಬ್ಬರು ಗಂಡಸು, ಒಬ್ಬರು ಹೆಂಗಸು. ಕಿರುಚಾಟ ಇಲ್ಲ, ದರ್ಪ ಇಲ್ಲ. ಅದೇ ನನಗೆ ಹೆಚ್ಚು ಭಯ ತಂದಿತು. ಅಡಿಗೆಮನೆಯ ಪರದೆಯ ಸಂದಿಯಿಂದ ನೋಡುತ್ತಿದ್ದೆ. ಗಂಡಸು ಬುದ್ಧನ ಚಿತ್ರ ನೋಡಿದರು, ನಾಯಕರ ಫೋಟೊ ನೋಡಿದರು, ಅವುಗಳ ಹಿಂದಿನ ಗೋಡೆಯನ್ನೂ ನೋಡಿದರು, ಅಲ್ಲಿ ಮೊದಲು ಬೇರೇನಾದರೂ ಇತ್ತೇ ಎನ್ನುವಂತೆ. ಮಗ ಕೇಳಿದ್ದಕ್ಕೆಲ್ಲ ಹೌದ್ರಿ, ಇಲ್ರಿ ಎಂದು ಉತ್ತರ ಕೊಡುತ್ತಿದ್ದ. ಅಂಗಿಯ ಬೆನ್ನು ಒದ್ದೆಯಾಗಿತ್ತು.

ಆ ಹೆಂಗಸು ದೊಡ್ಡವ್ವನ ಪಕ್ಕಕ್ಕೆ ಬಂದು ಕೂತರು. ಕೈಗೆ ಏನಾಯಿತು ಎಂದು ಕೇಳಿದರು. ಬಚ್ಚಲಲ್ಲಿ ಬಿದ್ದರು ಎಂದಳು ಸೊಸೆ. ಅವರು ತಮ್ಮ ತಾಯಿಯೂ ಹೀಗೇ ಬಿದ್ದಿದ್ದನ್ನು ಹೇಳಿದರು. ಸೊಸೆ ತಂದ ಚಹಾವನ್ನು ತಾವು ಕುಡಿಯುವ ಮೊದಲು ಬಿಸ್ಕೀಟು ಅದ್ದಿ ಮುದುಕಿಯ ಬಾಯಿಯ ಹತ್ತಿರ ಹಿಡಿದರು. ಒಳ್ಳೆಯ ಮನಸ್ಸಿನಿಂದಲೇ ಹಿಡಿದದ್ದು. ಬಟ್ಟೆಯ ಪಟ್ಟಿಯ ಒಳಗೆ ಕೈ ಅಲುಗಿತು. ಜೋಲಿ ಒಮ್ಮೆ ಮೇಲಕ್ಕೆ ಎಳೆಯಿತು. ಮತ್ತೊಮ್ಮೆ ಎಳೆಯಿತು. ಆ ಹೆಂಗಸಿನ ಕಣ್ಣು ಅಲ್ಲೇ ಇತ್ತು.

"ಯಾವ ದೇವ್ರಿಗಿ ನಡ್ಕೋತೀರಿ ಅವ್ವಾ?" ಎಂದು ಅವರು ಮೆಲ್ಲಗೆ ಕೇಳಿದರು.

ದೊಡ್ಡವ್ವ ಜೋಲಿಯ ಕಡೆ ನೋಡಿದಳು. ಆಮೇಲೆ ಆ ಹೆಂಗಸಿನ ಕಡೆ ತಿರುಗಿದಳು, ದಾರಿ ತಪ್ಪಿದವರು ದಾರಿ ಕೇಳುವಾಗ ಇರುವಂಥ ಮುಖ ಮಾಡಿಕೊಂಡು.

"ನನ್ನ ಕೈಗಿ ಏನ್ ಮಾಡ್ಯಾರ?" ಎಂದಳು.

ಮಗ ಕಣ್ಣು ಮುಚ್ಚಿದ. ಆ ಹೆಂಗಸು ಅವನ ಕಡೆ ನೋಡಿದರು, ಸೊಸೆಯ ಕಡೆ ನೋಡಿದರು, ಕೊನೆಗೆ ಪರದೆಯ ಕಡೆಗೂ ನೋಡಿದರು ಎಂದು ನನಗೆ ಭಾಸವಾಯಿತು. ಅವರಿಗೆ ಎಷ್ಟು ತಿಳಿಯಿತೋ ಇಂದಿಗೂ ಗೊತ್ತಿಲ್ಲ. ಲಗೂ ಗುಣ ಆಗುತ್ತದೆ ಎಂದು ಮುದುಕಿಯ ಭುಜ ತಟ್ಟಿ ಎದ್ದರು. ಬಾಗಿಲಲ್ಲಿ ಗಂಡಸು ನಿಂತು, ಅಗತ್ಯ ಬಿದ್ದರೆ ಮತ್ತೆ ಬರುತ್ತೇವೆ ಎಂದರು.

ಆ ಒಂದು ಮಾತು ಆ ಮನೆಯೊಳಗೆ ಉಳಿದುಕೊಂಡುಬಿಟ್ಟಿತು. ಮತ್ತೆ ಎಂದರೆ ನಾಳೆಯೋ, ಮುಂದಿನ ತಿಂಗಳೋ. ಹಾಗಾಗಿ ಕೈ ಬಿಚ್ಚುವ ಹಾಗಿಲ್ಲ. ಗೇಟು ಸದ್ದಾದರೆ ಸೊಸೆ ಮೊದಲು ಜೋಲಿ ನೋಡುತ್ತಿದ್ದಳು. ಹೆಣ್ಣುಮಕ್ಕಳು ಗೆಳತಿಯರನ್ನು ಮನೆಗೆ ಕರೆಯುವುದು ಬಿಟ್ಟರು. ನಾನು ಹೋದಾಗಲೆಲ್ಲ ಪಟ್ಟಿ ಹೊಸದಾಗಿರುತ್ತಿತ್ತು, ಒಗೆದು ಬಿಳುಪಾಗಿರುತ್ತಿತ್ತು. ಕೈ ಮಾತ್ರ ಒಳಗೆ ಅಲುಗುವುದು ಕಡಿಮೆಯಾಗುತ್ತ ಬಂತು. ಅವಳು ಹಟ ಮಾಡುವುದು ನಿಂತಿದೆ ಎಂದು ಮಗ ಸಮಾಧಾನದಿಂದ ಹೇಳಿದ. ನನಗೆ ಸಮಾಧಾನ ಆಗಲಿಲ್ಲ.

ಈ ನಡುವೆ ಕರಾವಳಿಯ ತರುಣ ಗುರು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಬೇರೆ ಭಾಗಗಳ ಚರಿತ್ರೆಯೆಲ್ಲ ಬಂದಾಯಿತಂತೆ, ಬಣ್ಣದ ಫೋಟೊಗಳೊಡನೆ. ನಾನು ಕೊನೆಗೆ ಬರೆದುಕೊಟ್ಟೆ. ಹುಮನಾಬಾದಿನ ಕಟ್ಟಡ, ಕನ್ಯಾಮಠ, ಶಾಲೆ, ಬಂದುಹೋದ ಗುರುಗಳು, ಅವರು ಬಯಸಿದಂಥದ್ದೇ ಎಲ್ಲ. ಹಳ್ಳಿಗಳ ಬಗ್ಗೆ, ಸುತ್ತಲಿನ ಕೆಲವು ಗ್ರಾಮಗಳಲ್ಲೂ ವಿಶ್ವಾಸಿಗಳಿದ್ದರು ಎಂಬ ಒಂದೇ ವಾಕ್ಯ. ಅವರು ಓದಿ, ಜನರ ಕತೆ ಇಲ್ಲವಲ್ಲ ಟೀಚರ್, ಸ್ವಲ್ಪ ಸಪ್ಪೆಯಾಯಿತು ಎಂದರು. ಸಪ್ಪೆ ಇದ್ದರೆ ಉಪ್ಪು ನೀವೇ ಹಾಕಿಕೊಳ್ಳಿ ಎಂದು ಫೋನು ಇಟ್ಟೆ. ಆಮೇಲೆ ಕೂತು ಅತ್ತೆ. ಅಪ್ಪ ಬಿಸಿಲಲ್ಲಿ ನಡೆದು ಬೆಳೆಸಿದ್ದನ್ನು ನಾನೇ ನನ್ನ ಕೈಯಿಂದ ಅಳಿಸಿದೆ ಅನಿಸಿತು. ಅಳಿಸದೆ ಇದ್ದರೆ ಏನಾಗುತ್ತಿತ್ತು ಎಂದೂ ಗೊತ್ತಿತ್ತು.

ಬಹಳ ದಿನಗಳ ಮೇಲೆ ಒಂದು ಭಾನುವಾರ ಮಗನೇ ಫೋನು ಮಾಡಿದ. ಅರ್ಜಿಯಲ್ಲಿ ಹುರುಳಿಲ್ಲ ಎಂದು ಮುಕ್ತಾಯ ಮಾಡಿದ್ದಾರೆ, ನೌಕರಿಗೆ ಧಕ್ಕೆ ಇಲ್ಲ ಎಂದ. ಊಟಕ್ಕೆ ಬಾ ಎಂದು ಕರೆದ. ಅಷ್ಟು ಹಗುರವಾದ ಅವನ ದನಿಯನ್ನು ನಾನು ಎಷ್ಟೋ ಕಾಲದಿಂದ ಕೇಳಿರಲಿಲ್ಲ. ಬೆಳಗಿನ ಪೂಜೆ ಮುಗಿಸಿಕೊಂಡು ಹಾಗೇ ಬಸ್ಸು ಹತ್ತಿದೆ.

ನಾನು ಹೋಗುವ ತನಕ ಕಾದು, ಅವನೇ ಅವ್ವನ ಮುಂದೆ ಕೂತು ಪಟ್ಟಿ ಬಿಚ್ಚಿದ. ಕೈ ಸೊರಗಿತ್ತು, ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ಸೊಸೆ ಬಿಸಿನೀರಿನಲ್ಲಿ ಒರೆಸಿದಳು. ನಡುಮನೆಯಲ್ಲೇ ಎಲ್ಲರಿಗೂ ತಟ್ಟೆ ಹಾಕಿದಳು. ದೊಡ್ಡವ್ವನ ತಟ್ಟೆಯಲ್ಲಿ ಬಿಸಿ ರೊಟ್ಟಿ, ಹೆಸರುಬೇಳೆ, ಒಂದಿಷ್ಟು ತುಪ್ಪ. ಯಾರೂ ಅವಳ ಕೈ ಹಿಡಿದುಕೊಳ್ಳಲಿಲ್ಲ. ಯಾರೂ ತುತ್ತು ಮುರಿಯಲೂ ಇಲ್ಲ. ಮಗ, ಸೊಸೆ, ಮೊಮ್ಮಕ್ಕಳು, ನಾನು, ಎಲ್ಲರೂ ಆ ಕೈಯನ್ನೇ ನೋಡುತ್ತ ಕೂತೆವು.

ಕೈ ತೊಡೆಯ ಮೇಲೆ ಬಿದ್ದಿತ್ತು. ಅವಳು ತಟ್ಟೆ ನೋಡಿದಳು, ಸೊಸೆಯ ಕಡೆ ತಿರುಗಿ ಬಾಯಿ ತೆರೆದಳು.

ಮಗ ತನ್ನ ತಟ್ಟೆ ಸರಿಸಿ ಅವಳ ಮುಂದೆ ಮಂಡಿಯೂರಿದ. ಆ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಅವಳ ಹಣೆಗೆ ಮುಟ್ಟಿಸಿದ. ಆಮೇಲೆ ಎದೆಗೆ, ಎಡಭುಜಕ್ಕೆ, ಬಲಭುಜಕ್ಕೆ. ಅವನು ಚರ್ಚು ಬಿಟ್ಟು ಎಷ್ಟೋ ವರ್ಷವಾಗಿತ್ತು, ಆದರೂ ಒಂದೂ ತಪ್ಪಲಿಲ್ಲ. ತುಟಿ ಕೂಡ ಅಲುಗುತ್ತಿತ್ತು, ನನ್ನ ಅಪ್ಪ ಕಲಿಸಿದ ಆ ತೆಲುಗಿನ ಮಾತುಗಳಿಗೆ. ಮುಗಿಸಿ ಕೈ ಬಿಟ್ಟ, ಇನ್ನು ಅದು ತಾನಾಗಿ ಏಳುತ್ತದೆ ಎಂದು ಕಾಯುವವನಂತೆ.

ದೊಡ್ಡವ್ವ ಗಾಬರಿಯಿಂದ ಆ ಕೈಯನ್ನು ಸೆರಗಿನ ಒಳಗೆ ಎಳೆದುಕೊಂಡಳು. ಬೀದಿಯ ಕಡೆ ಒಮ್ಮೆ ನೋಡಿ, ಮಗನ ಹತ್ತಿರಕ್ಕೆ ಬಾಗಿ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದಳು:

"ಬ್ಯಾಡಪ್ಪಾ. ಯಾರರ ನೋಡ್ತಾರ."

ಸೊಸೆ ಎದ್ದು ಹೋಗಿ ಬೀದಿಬಾಗಿಲು ಮುಚ್ಚಿ ಬಂದಳು. ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಅತ್ತೆಯ ಬಾಯಿಗೆ ಇಟ್ಟಳು.